ರೀಲಿನ ಅಂಚಿನಲ್ಲಿ ಬರೆದದ್ದು

(ಮೈಸೂರಿನಲ್ಲಿ ಸಿನಿಮಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಅಂದು ಬಾಯಲ್ಲಿ ಹೇಳಿದ ಲೆಕ್ಕಗಳನ್ನು ಮಾತ್ರ ಇನ್ನೊಮ್ಮೆ ಕೂಡಿ ಕಳೆದು ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಬಟ್ಟೆ ಚೀಲದಲ್ಲಿ ಒಂದು ಹಾರ್ಡ್ ಡಿಸ್ಕ್ ಇಟ್ಟುಕೊಂಡು ನನ್ನ ಹತ್ತಿರ ಬಂದರು. ಅವರ ತಂದೆ ಎಪ್ಪತ್ತರ ದಶಕದ ಕೊನೆಯಲ್ಲಿ ಸಾಲಸೋಲ ಮಾಡಿ ಕನ್ನಡದಲ್ಲಿ ಒಂದೇ ಒಂದು ಸಿನಿಮಾ ತೆಗೆದವರು. ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. "ಅಪ್ಪಾಜಿ ಇದ್ದಾಗಲೇ ಸ್ಕ್ಯಾನ್ ಮಾಡಿಸಿದ್ರು ಸಾರ್. ಪೂರ್ತಿ ಸಿನಿಮಾ ಇದರಲ್ಲಿದೆ ಅಂತಿದ್ರು. ಮನೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಓಡ್ತಿಲ್ಲ" ಅಂದರು. ರೀಲುಗಳೆಲ್ಲಿ ಎಂದು ಕೇಳಿದೆ. ಅಟ್ಟದ ಮೇಲಿದ್ದ ಡಬ್ಬಗಳಿಂದ ವಿನಿಗರ್ ವಾಸನೆ ಬರುತ್ತಿತ್ತಂತೆ. ಹೇಗಿದ್ದರೂ ಕಂಪ್ಯೂಟರಿಗೆ ಹಾಕಿಸಿ ಆಯಿತಲ್ಲ ಎಂದು ಮನೆಯವರು ಗುಜರಿಗೆ ಕೊಟ್ಟುಬಿಟ್ಟಿದ್ದರು. ಅಂದರೆ ಆ ಸಿನಿಮಾ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಆ ಚೀಲದೊಳಗೆ ಇತ್ತು.

ಡಿಸ್ಕ್ ತೆರೆದೆ. ಹದಿಮೂರು ಫೋಲ್ಡರ್. ಮೊದಲನೆಯದಕ್ಕೆ "ಆರ್1", ಎರಡನೆಯದಕ್ಕೆ "ಆರ್2", ಅದರ ಪಕ್ಕದಲ್ಲಿ "ಆರ್2 ನ್ಯೂ", ಆಮೇಲೆ ನೇರವಾಗಿ "ಆರ್4". ಒಳಗೆ ಸಾವಿರಾರು ಬಿಡಿ ಚಿತ್ರಗಳು, ಪ್ರತಿ ಫೋಲ್ಡರಿನಲ್ಲೂ ಒಂದರಿಂದಲೇ ಶುರುವಾಗುವ ನಂಬರು. ಒಂದು ಚಿತ್ರ ತೆರೆದರೆ ಹಾಲಿಗೆ ನೀರು ಬೆರೆಸಿದ ಹಾಗೆ ಬಿಳಿಚಿಕೊಂಡಿತ್ತು. ಕಪ್ಪು ಕಪ್ಪಾಗಿರಲಿಲ್ಲ, ಬಿಳಿ ಬಿಳಿಯಾಗಿರಲಿಲ್ಲ. "ಹಾಳಾಗಿದೆ ಅಲ್ವಾ ಸಾರ್?" ಅಂತ ಆಕೆ ಕೇಳಿದರು. ಹಾಳಾಗಿರಲಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಎಲ್ಲದರ ಕೊನೆಗೆ ಒಂದು ಪುಟ್ಟ ಟೆಕ್ಸ್ಟ್ ಫೈಲು ಇತ್ತು. ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ನಡುನಡುವೆ ಪೌಂಡಿನ ಚಿಹ್ನೆ. ಅದನ್ನು ವೈರಸ್ ಎಂದುಕೊಂಡು ಅವರ ಅಣ್ಣನ ಮಗ ಅಳಿಸಲು ಹೊರಟಿದ್ದನಂತೆ. ನಿಮ್ಮಲ್ಲಿ ಹಳೆಯ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಏನೆಂದು ತಕ್ಷಣ ಹೊಳೆದಿರಬೇಕು. ಯೂನಿಕೋಡ್ ನಮ್ಮ ಕಚೇರಿಗಳೊಳಗೆ ಕಾಲಿಡುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಹೀಗೇ ಟೈಪ್ ಮಾಡುತ್ತಿದ್ದೆವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು ಅದು. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ "ಕನ್ನಡ" ಎಂಬ ಪದದ ಮಧ್ಯದಲ್ಲೇ ಪೌಂಡಿನ ಚಿಹ್ನೆ ಬಂದು ಕೂತಿರುತ್ತದೆ. ಪರಿವರ್ತಕಕ್ಕೆ ಹಾಕಿದೆ. ಅಚ್ಚ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಹೊರಗೆ ಬಂತು. "ಆರ್2 ನ್ಯೂ" ಅಂದರೆ ಮೂರನೇ ರೀಲು, ಹೆಸರು ಕೊಡುವಾಗ ತಪ್ಪಾಗಿದೆ. ಏಳನೇ ರೀಲಿನ ನೆಗೆಟಿವ್ ಅಂಟಿಕೊಂಡಿದ್ದರಿಂದ ಅದನ್ನು ಪ್ರಿಂಟಿನಿಂದ ಸ್ಕ್ಯಾನ್ ಮಾಡಿದೆ, ಆ ಪ್ರಿಂಟು ಎರಡು ಕಡೆ ಹರಿದಿದೆ. ಶಬ್ದವನ್ನು ಬೇರೆ ಪ್ರಿಂಟಿನಿಂದ ತೆಗೆದಿದೆ. ಚಿತ್ರ ಲಾಗ್‌ನಲ್ಲಿದೆ, ಬಣ್ಣ ಸರಿಮಾಡಿಲ್ಲ.

ಡಿಸ್ಕಿನಲ್ಲಿ ಹತ್ತಿರಹತ್ತಿರ ಎರಡೂವರೆ ಟೆರಾಬೈಟ್ ಚಿತ್ರ ಇತ್ತು. ಅದು ಮತ್ತೆ ಸಿನಿಮಾ ಆದದ್ದು ಕೆಲವೇ ಕಿಲೋಬೈಟಿನ ಆ ಚೀಟಿಯಿಂದ. ಇವತ್ತು ನಾನು ನಿಮ್ಮ ಹತ್ತಿರ ಮಾತಾಡಬೇಕು ಅಂದುಕೊಂಡದ್ದು ಆ ಚೀಟಿಯ ಬಗ್ಗೆ. ಫೈಲಿನ ಬಗ್ಗೆ ವಿವರ ಬರೆದಿಡುವ ಇಂಥ ಚೀಟಿಗೆ ಮೆಟಾಡೇಟಾ ಎನ್ನುತ್ತಾರೆ. ಆ ಪದ ಕೇಳಿದರೆ ಗುಮಾಸ್ತರ ಕೆಲಸ, ಆಮೇಲೆ ಯಾರಾದರೂ ತುಂಬಿಸಿಕೊಳ್ಳಲಿ ಅನ್ನುವ ಭಾವನೆ ನಮ್ಮಲ್ಲಿದೆ. ಅದು ತಪ್ಪು. ಸಿನಿಮಾ ಫೈಲಾದ ಮೇಲೆ ಆ ಚೀಟಿಯೂ ಸಿನಿಮಾದ ಒಂದು ಅಂಗ.

ಈ ತುಂಡು ನೋಡಿ. ಮೂವತ್ತೈದು ಎಂಎಂ ಪ್ರಿಂಟಿನದು. ದೀಪಕ್ಕೆ ಹಿಡಿಯುತ್ತೇನೆ, ಹಿಂದಿನ ಸಾಲಿನವರಿಗೂ ಕಾಣಬೇಕು. ಒಂದು ಮುಖ, ಅದರ ಕೆಳಗೆ ಅದೇ ಮುಖ, ಕೂದಲೆಳೆಯಷ್ಟು ತಿರುಗಿದೆ. ಇದನ್ನು ನೋಡಲು ಯಾವ ತಂತ್ರಾಂಶವೂ ಬೇಡ. ಒಂದು ಅಡಿಗೆ ಹದಿನಾರು ಚಿತ್ರ, ಸೆಕೆಂಡಿಗೆ ಇಪ್ಪತ್ತನಾಲ್ಕು. ಪ್ರೊಜೆಕ್ಟರ್ ಅನ್ನುವುದು ಪೂರ್ತಿ ಮರೆತುಹೋದರೂ ನೂರು ವರ್ಷದ ನಂತರ ಜಾಣ ಮೆಕ್ಯಾನಿಕ್ ಒಬ್ಬ ಈ ತುಂಡು ನೋಡಿ ಹೊಸದೊಂದನ್ನು ಕಟ್ಟಬಲ್ಲ. ಈಗ ಅಂಚು ನೋಡಿ. ಹಲ್ಲಿನ ತೂತುಗಳ ಆಚೆ ಸಣ್ಣ ಅಕ್ಷರದಲ್ಲಿ "ಸೇಫ್ಟಿ" ಅಂತಿದೆ, ಅಂದರೆ ಇದು ಬೆಂಕಿ ಹತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲ್ಮು ಅಲ್ಲ. ಕೊಡಾಕ್ ಫಿಲ್ಮಾದರೆ ಚೌಕ, ವೃತ್ತ, ತ್ರಿಕೋನಗಳ ಗುರುತೂ ಇರುತ್ತದೆ. ಫಿಲ್ಮು ಯಾವ ವರ್ಷ ತಯಾರಾಯಿತು ಎಂಬುದರ ಸಂಕೇತ ಅದು, ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುತ್ತದೆ. ನೆಗೆಟಿವ್ ಆದರೆ ಅಡಿಯ ಲೆಕ್ಕ ತಿಳಿಸುವ ನಂಬರು ಕೂಡ ಅಂಚಿನಲ್ಲೇ ಸಿಗುತ್ತದೆ. ರೀಲು ತನ್ನ ಜಾತಕವನ್ನು ತನ್ನ ಮೈಮೇಲೇ ಬರೆದುಕೊಂಡಿರುತ್ತದೆ. ಅದಕ್ಕೇ ಸ್ಕ್ಯಾನ್ ಮಾಡಿಸುವವರಿಗೆ ನಾನು ಹೇಳುವ ಮೊದಲ ಮಾತು: ಚಿತ್ರದ ಚೌಕಟ್ಟಿಗೆ ಮಾತ್ರ ಸ್ಕ್ಯಾನ್ ಮಾಡಬೇಡಿ, ತೂತು ಅಂಚು ಎಲ್ಲ ಸೇರಿಸಿ ಅಗಲವಾಗಿ ಮಾಡಿ. ಕತ್ತರಿಸುವುದು ಯಾವಾಗ ಬೇಕಾದರೂ ಆಗುತ್ತದೆ.

ಹಾಗಾದರೆ ರೀಲನ್ನೇ ಇಟ್ಟುಕೊಂಡರೆ ಸಾಲದೇ? ಸಾಲದು. ಕನ್ನಡದ ಮೊದಲ ವಾಕ್ಚಿತ್ರ, 1934ರ ಸತಿ ಸುಲೋಚನ, ಇವತ್ತು ನೋಡಲು ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ, ಅಷ್ಟರಲ್ಲಿ ಮೂಕಿಯ ಕಾಲದ್ದು, ಮೊದಲ ಟಾಕಿಗಳ ಕಾಲದ್ದು ಬಹುಪಾಲು ಕಳೆದುಹೋಗಿತ್ತು, ಎಷ್ಟೋ ರೀಲು ಬೆಳ್ಳಿ ತೆಗೆಯುವ ಕುಲುಮೆಗೆ ಹೋಗಿ ಮುಗಿದಿತ್ತು. ಉಳಿದದ್ದರಲ್ಲಿ ನೈಟ್ರೇಟ್ ರೀಲುಗಳಿದ್ದ ಉಗ್ರಾಣಕ್ಕೆ 2003ರ ಜನವರಿಯಲ್ಲಿ ಬೆಂಕಿ ಬಿತ್ತು. ನೈಟ್ರೇಟ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನೀರಿನೊಳಗೂ ಉರಿಯುತ್ತದೆ. ಆಮೇಲೆ ಬಂದ ಅಸಿಟೇಟ್ ಅಷ್ಟು ಸುಲಭವಾಗಿ ಉರಿಯುವುದಿಲ್ಲ, ಕೊಳೆಯುತ್ತದೆ. ನಮ್ಮ ಸೆಕೆಗೆ, ತೇವಕ್ಕೆ ಅದರಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಆ ಹೆಣ್ಣುಮಗಳ ಅಟ್ಟದಿಂದ ಬಂದ ವಾಸನೆ ಅದೇ.

ಆದರೂ ಒಂದು ಮಾತು ಒತ್ತಿ ಹೇಳುತ್ತೇನೆ: ವಾಸನೆ ಬಂತೆಂದು ಡಬ್ಬ ಎಸೆಯಬೇಡಿ. ಗಿರೀಶ ಕಾಸರವಳ್ಳಿಯವರ 1977ರ ಘಟಶ್ರಾದ್ಧ ನಾಲ್ಕು ದಶಕದ ಮೇಲೆ ಹೊಸದಾಗಿ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು, ಆದ್ದರಿಂದ ಆಯಿತು. ಅದು ಇಲ್ಲದೆ ಬರೀ ಒಂದು ಟಿವಿ ಟೇಪು ಉಳಿದಿದ್ದರೆ ಯಾವ ಹಣವೂ ಆ ಕಪ್ಪು ಬಿಳುಪನ್ನು ಮರಳಿ ತರುತ್ತಿರಲಿಲ್ಲ.

ಈಗ ಫೈಲಿನ ಒಳಗೆ ಹೋಗೋಣ. ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ನನಗೆ ಬಹಳ ಪ್ರೀತಿಯ ಜಾಗ ಇದು.

ಆ ಡಿಸ್ಕಿನಲ್ಲಿದ್ದ ಬಿಡಿ ಚಿತ್ರಗಳ ಫಾರ್ಮ್ಯಾಟಿಗೆ ಡಿಪಿಎಕ್ಸ್ ಎಂದು ಹೆಸರು. ಕೊಡಾಕ್‌ನವರ ಸಿನಿಯಾನ್ ಪದ್ಧತಿಯಿಂದ ಬೆಳೆದು 1994ರಲ್ಲಿ ಅಮೆರಿಕದ ಸಿನಿಮಾ-ಟಿವಿ ಎಂಜಿನಿಯರುಗಳ ಎಸ್‌ಎಂಪಿಟಿಇ ಸಂಸ್ಥೆಯ ಮಾನಕವಾಯಿತು. ಒಂದು ಫ್ರೇಮಿಗೆ ಒಂದು ಫೈಲು. ಫೈಲಿನ ಮೊದಲ ನಾಲ್ಕು ಅಕ್ಷರ ಎಸ್, ಡಿ, ಪಿ, ಎಕ್ಸ್. ಕೆಲವು ಯಂತ್ರಗಳು ಅದನ್ನೇ ತಿರುಗುಮುರುಗಾಗಿ, ಎಕ್ಸ್‌ನಿಂದ ಶುರುಮಾಡಿ ಬರೆಯುತ್ತವೆ. ಅದು ತಪ್ಪಲ್ಲ, ಮುಂದಿನ ಅಂಕಿಗಳನ್ನು ಯಾವ ದಿಕ್ಕಿನಿಂದ ಓದಬೇಕು ಎಂಬ ಸೂಚನೆ. ಅದೂ ಸೇರಿ ಸಾಮಾನ್ಯವಾಗಿ 2,048 ಬೈಟಿನ ತಲೆಭಾಗ. ಇದರಲ್ಲಿ ಏನೇನಿಗೆ ಜಾಗವಿದೆ ಗೊತ್ತೇ? ಮಾಡಿದವರ ಹೆಸರಿಗೆ ನೂರು ಅಕ್ಷರ, ಯೋಜನೆಯ ಹೆಸರಿಗೆ ಇನ್ನೂರು, ಹಕ್ಕುದಾರರ ಹೆಸರಿಗೆ ಇನ್ನೂರು. ಫಿಲ್ಮ್ ತಯಾರಕರ ಸಂಕೇತ, ಅಂಚಿನ ನಂಬರು, ಸೆಕೆಂಡಿಗೆ ಎಷ್ಟು ಫ್ರೇಮು, ಕ್ಲ್ಯಾಪ್ ಬೋರ್ಡಿನ ವಿವರ, ಎಲ್ಲಕ್ಕೂ ಮನೆ ಕಟ್ಟಿಟ್ಟಿದ್ದಾರೆ. ರೀಲಿನ ಅಂಚಿನಲ್ಲಿ ಇದ್ದದ್ದನ್ನು ಫೈಲಿನ ಅಂಚಿಗೂ ತರಬೇಕು ಎಂದು ಆ ಮಾನಕ ಬರೆದವರು ಯೋಚಿಸಿದ್ದರು. ನಾವು ಸ್ಕ್ಯಾನ್ ಮಾಡಿದ ಫೈಲುಗಳನ್ನು ತೆರೆದರೆ ಆ ಮನೆಗಳೆಲ್ಲ ಖಾಲಿ. ಅಂಕಿ ಇರಬೇಕಾದ ಖಾಲಿ ಮನೆಯಲ್ಲಿ ಗರಿಷ್ಠ ಅಂಕಿ ತುಂಬಿರುತ್ತದೆ, ಏನೂ ಬರೆದಿಲ್ಲ ಎಂದು ಅದರ ಅರ್ಥ. ಒಂದು ಫ್ರೇಮಲ್ಲ, ಲಕ್ಷಾಂತರ ಫ್ರೇಮುಗಳಲ್ಲಿ ಸಾಲಾಗಿ ಏನೂ ಬರೆದಿಲ್ಲ.

ಚಿತ್ರ ಬಿಳಿಚಿಕೊಂಡಿತ್ತು ಅಂದೆನಲ್ಲ, ಅದರ ಗುಟ್ಟೂ ಇಲ್ಲೇ ಇದೆ. ನೆಗೆಟಿವ್ ಎಷ್ಟು ದಟ್ಟವಾಗಿದೆ ಎಂಬುದನ್ನು ಸ್ಕ್ಯಾನರ್ 0ರಿಂದ 1,023ರವರೆಗಿನ ಅಂಕಿಯಲ್ಲಿ ಬರೆಯುತ್ತದೆ. ಸಿನಿಯಾನ್ ಪದ್ಧತಿಯಲ್ಲಿ ಕಪ್ಪು ಕೂರುವುದು 95ರ ಮೇಲೆ, ಬಿಳಿ 685ರ ಮೇಲೆ. ಅದರಾಚೆ ಇರುವುದೆಲ್ಲ ಬಿಸಿಲಿನ ಝಳ, ದೀಪದ ಹೊಳಪು ಇಂಥವಕ್ಕೆ ಬಿಟ್ಟ ಜಾಗ. ಇದಕ್ಕೆ ಲಾಗ್ ಎನ್ನುತ್ತಾರೆ. ಇದನ್ನು ಅರಿಯದ ಸಾಮಾನ್ಯ ತಂತ್ರಾಂಶ 0ಯೇ ಕಪ್ಪು, 1,023ಯೇ ಬಿಳಿ ಎಂದು ತೋರಿಸುತ್ತದೆ. ಆಗ ಎಲ್ಲವೂ ಹೊಗೆ ಮುಸುಕಿದಂತೆ ಕಾಣುತ್ತದೆ. ಒಳ್ಳೆಯ ಮನಸ್ಸಿನವರು ಯಾರೋ "ಮಾಸಿ ಹೋಗಿದೆ ಪಾಪ" ಎಂದು ಕಪ್ಪನ್ನು ಒತ್ತಿ ಬಿಳಿಯನ್ನು ಎತ್ತಿ ಅದೇ ಫೈಲಿನ ಮೇಲೆ ಉಳಿಸಿಬಿಟ್ಟರೆ ಮುಗಿಯಿತು, ನೆರಳಿನೊಳಗಿನ ಮುಖ ಮತ್ತೆ ಸಿಗುವುದಿಲ್ಲ. "ಚಿತ್ರ ಲಾಗ್‌ನಲ್ಲಿದೆ" ಎಂಬ ಎರಡು ಪದದ ಟಿಪ್ಪಣಿ ತಡೆಯುವ ಅನಾಹುತ ಇದು.

ಇನ್ನು ಗಾತ್ರ. 4ಕೆ ಸ್ಕ್ಯಾನ್ ಅಂದರೆ 4,096 ಚುಕ್ಕಿ ಅಡ್ಡ, 3,112 ಚುಕ್ಕಿ ಉದ್ದ, 0ರಿಂದ 1,023ರ, ಅಂದರೆ ಹತ್ತು ಬಿಟ್ಟಿನ ಲೆಕ್ಕದಲ್ಲಿ ಒಂದು ಫ್ರೇಮಿಗೆ ಸುಮಾರು 51 ಮೆಗಾಬೈಟ್. ಎರಡು ಗಂಟೆಯ ಸಿನಿಮಾದಲ್ಲಿ 1,72,800 ಫ್ರೇಮು. ಗುಣಿಸಿದರೆ 8.8 ಟೆರಾಬೈಟ್. ಹದಿನಾರು ಬಿಟ್ಟಾದರೆ 13 ದಾಟುತ್ತದೆ. ಒಂದೇ ಪ್ರತಿಗೆ ಇಷ್ಟು. ಆ ಡಿಸ್ಕಿನಲ್ಲಿದ್ದದ್ದು ಇದಕ್ಕಿಂತ ಕಡಿಮೆ ಅಳತೆಯ ಸ್ಕ್ಯಾನ್, ಅದಕ್ಕೇ ಎರಡೂವರೆಗೆ ನಿಂತಿತ್ತು. ಸಣ್ಣ ಸಂಸ್ಥೆಗಳ ಎದೆ ಒಡೆಯುವುದು ಇಲ್ಲೇ. "ಎಂಪಿ4 ಮಾಡಿಟ್ಟುಕೊಂಡರೆ ಆಗದೇ" ಅನ್ನುತ್ತಾರೆ. ನೋಡಲು ಆಗುತ್ತದೆ, ಉಳಿಸಲು ಆಗುವುದಿಲ್ಲ. ಎಂಪಿ4ನೊಳಗಿನ ಎಚ್.264 ಕಣ್ಣಿಗೆ ಕಾಣದು ಎಂದುಕೊಂಡದ್ದನ್ನೆಲ್ಲ ಬಿಸಾಡುತ್ತದೆ. ಫಿಲ್ಮಿನ ಕಾಳು, ಅಂದರೆ ಗ್ರೇನ್ ಎನ್ನುವ ಮರಳಿನಂಥ ಸಣ್ಣ ಚುಕ್ಕಿಗಳು, ಮೊದಲು ಹೋಗುತ್ತದೆ.

ಬಿಸಾಡದೆ ಚಿಕ್ಕದು ಮಾಡುವ ದಾರಿ ಇದೆ. ಮೈಸೂರಿನವರಿಗೆ ಹೀಗೆ ಹೇಳಬಹುದು: ರೇಷ್ಮೆ ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಚಿಕ್ಕದಾಗಿರುತ್ತದೆ, ಬಿಡಿಸಿದರೆ ಅದೇ ಐದೂವರೆ ಮೀಟರ್, ಅದೇ ಜರಿ. ಎಫ್‌ಎಫ್‌ವಿ1 ಎನ್ನುವ ಕೋಡೆಕ್, ಅಂದರೆ ಮಡಚಿ ಬಿಚ್ಚುವ ವಿಧಾನ, ಚಿತ್ರವನ್ನು ಹಾಗೆ ಮಡಚುತ್ತದೆ. 2003ರಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದೊಳಗೆ ಹುಟ್ಟಿತು. ಕಾಳಿನ ಮೇಲೆ ಹೆಚ್ಚು ಕಡಿಮೆ ಆಗುತ್ತದೆ, ಅಂತೂ ಗಾತ್ರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಮಟ್ರೋಸ್ಕಾ ಎಂಬ ಡಬ್ಬದಲ್ಲಿ ಇಡುತ್ತಾರೆ, ಎಂಕೆವಿ ಎಂದು ನೀವೆಲ್ಲ ನೋಡಿರುವುದು ಅದನ್ನೇ. ರಾಕುಕ್ಡ್ ಎಂಬ ಉಪಕರಣ ಸಾವಿರಾರು ಡಿಪಿಎಕ್ಸ್ ಫೈಲುಗಳನ್ನು ಒಂದು ಎಂಕೆವಿಯಾಗಿ ಕಟ್ಟುತ್ತದೆ. ಬೇಕಾದಾಗ ಬಿಚ್ಚಿದರೆ ತಲೆಭಾಗವೂ ಸೇರಿ ಒಂದು ಬಿಟ್ಟೂ ಆಚೀಚೆ ಆಗದೆ ಅದೇ ಡಿಪಿಎಕ್ಸ್‌ಗಳು ಹೊರಗೆ ಬರುತ್ತವೆ. ಎಫ್‌ಎಫ್‌ವಿ1ರ ಮೂರನೇ ಆವೃತ್ತಿಯಲ್ಲಿ ನನಗೆ ಇಷ್ಟವಾದ ಇನ್ನೊಂದು ಗುಣ ಇದೆ. ಪ್ರತಿ ಫ್ರೇಮನ್ನೂ ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿಗೂ ಒಂದೊಂದು ತಾಳೆಸಂಖ್ಯೆ ಇಡುತ್ತದೆ. ಎಲ್ಲೋ ಒಂದು ಬಿಟ್ಟು ಕೆಟ್ಟರೆ ಇಡೀ ಸಿನಿಮಾ ಕೆಟ್ಟಿತು ಎನ್ನುವುದಿಲ್ಲ, ಇಂಥ ಫ್ರೇಮಿನ ಇಂಥ ಮೂಲೆ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸುತ್ತದೆ.

ಇದಕ್ಕಿಂತ ದೊಡ್ಡ ಗುಣ ಅದರ ವಿವರಣೆ ಸಾರ್ವಜನಿಕವಾಗಿ ಬರೆದಿಟ್ಟಿರುವುದು. ಅಂತರ್ಜಾಲದ ಮಾನಕಗಳನ್ನು ರೂಪಿಸುವವರು 2021ರಲ್ಲಿ ಎಫ್‌ಎಫ್‌ವಿ1 ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆರ್‌ಎಫ್‌ಸಿ 9043 ಎಂದು ಪ್ರಕಟಿಸಿದರು, ಮಟ್ರೋಸ್ಕಾವನ್ನು 2024ರಲ್ಲಿ 9559 ಎಂದು. ಅದನ್ನು ಓದಿ ಯಾರು ಬೇಕಾದರೂ ಹೊಸದಾಗಿ ಬಿಚ್ಚುವ ತಂತ್ರಾಂಶ ಬರೆಯಬಹುದು, ಯಾವ ಕಂಪನಿಯ ಅಪ್ಪಣೆಯೂ ಬೇಡ. ಪ್ರೊಜೆಕ್ಟರನ್ನು ಹೊಸದಾಗಿ ಕಟ್ಟಬಲ್ಲ ಮೆಕ್ಯಾನಿಕ್ ಅಂದೆನಲ್ಲ, ಫೈಲಿನ ಲೋಕದಲ್ಲಿ ಆ ಮೆಕ್ಯಾನಿಕ್ಕಿಗೆ ಕೊಡಬೇಕಾದ ನಕ್ಷೆ ಇದು. ಫಾರ್ಮ್ಯಾಟ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಇದನ್ನು ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೆ ಇದನ್ನು ತೆರೆಯುವುದು ಹೇಗೆಂದು ಎಲ್ಲಿ ಬರೆದಿದೆ?

ಈ ಪ್ರಶ್ನೆ ನಮಗೆ ಸುಡುವುದು ಹಳೆಯ ಸಿನಿಮಾಗಳ ವಿಷಯದಲ್ಲಲ್ಲ, ಮೊನ್ನೆ ಮೊನ್ನೆಯವುಗಳ ವಿಷಯದಲ್ಲಿ. 2010ರಿಂದ ಈಚೆಗೆ ಬಂದ ಕನ್ನಡ ಸಿನಿಮಾಗಳಲ್ಲಿ ಬಹುತೇಕಕ್ಕೆ ನೆಗೆಟಿವ್ ಎಂಬುದೇ ಇಲ್ಲ. ಕ್ಯಾಮೆರಾದ ಫೈಲು ಯಾವುದೋ ಎಡಿಟಿಂಗ್ ಕೋಣೆಯ ಡಿಸ್ಕಿನಲ್ಲಿತ್ತು, ಬಾಕಿ ಕೊಡಲಿಲ್ಲ ಎಂದೋ ಜಾಗ ಬೇಕಾಯಿತೆಂದೋ ಅಳಿಸಿಹೋಯಿತು. ನಿರ್ಮಾಪಕರ ಕೈಯಲ್ಲಿ ಉಳಿದದ್ದು ಚಿತ್ರಮಂದಿರಕ್ಕೆ ಹೋದ ಡಿಸಿಪಿ, ಅಂದರೆ ಡಿಜಿಟಲ್ ಸಿನಿಮಾ ಪ್ಯಾಕೇಜ್. ಹಾಲಿವುಡ್ ಸ್ಟುಡಿಯೋಗಳು ಸೇರಿ 2005ರಲ್ಲಿ ಗೊತ್ತುಮಾಡಿದ ಕಟ್ಟು ಅದು. ಚಿತ್ರ ಜೆಪೆಗ್ 2000ದಲ್ಲಿ, ಸೆಕೆಂಡಿಗೆ 250 ಮೆಗಾಬಿಟ್ ಮೀರದಂತೆ. ಎರಡು ಗಂಟೆಗೆ ಹೆಚ್ಚೆಂದರೆ 225 ಗಿಗಾಬೈಟ್. ಅಂದರೆ ಇದೂ ಬಿಸಾಡಿ ಉಳಿದದ್ದೇ, ಆದರೆ ಚೆನ್ನಾಗಿ ಉಳಿದದ್ದು, ಮಾನಕ ಬಹಿರಂಗವಾಗಿದೆ. ತೊಂದರೆ ಬೇರೆ. ಕಳ್ಳತನ ತಡೆಯಲು ಡಿಸಿಪಿಗೆ ಬೀಗ ಹಾಕುತ್ತಾರೆ. ಕೆಡಿಎಂ ಎಂಬ ಕೀಲಿಕೈ ಇಂಥ ಚಿತ್ರಮಂದಿರದ ಇಂಥ ಯಂತ್ರಕ್ಕೆ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ನಡೆಯುತ್ತದೆ. ಬಿಡುಗಡೆಯ ವಾರಕ್ಕೆ ಅದು ಸರಿ. ಹತ್ತು ವರ್ಷದ ನಂತರ ಆ ನಿರ್ಮಾಪಕರು ಡಿಸ್ಕ್ ತೆಗೆದರೆ ಬೀಗ ಇದೆ, ಕೀಲಿಯ ಗಡುವು ಮುಗಿದಿದೆ, ಮೂಲ ಕೀಲಿ ಇಟ್ಟುಕೊಂಡಿದ್ದ ಸ್ಟುಡಿಯೋ ಮುಚ್ಚಿದೆ. ಇಂಥದ್ದನ್ನು ನಾನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಡಿಸ್ಕ್ ಗಟ್ಟಿಮುಟ್ಟಾಗಿದೆ, ಫೈಲಿಗೆ ಏನೂ ಆಗಿಲ್ಲ, ಒಡೆಯನಿಗೇ ಒಳಗೆ ಹೋಗಲು ಬಾಗಿಲಿಲ್ಲ. ಉಪಗ್ರಹದ ಮೂಲಕ ನಮ್ಮ ಎಷ್ಟೋ ಟಾಕೀಸುಗಳಿಗೆ ಹೋಗುತ್ತಿದ್ದ ಫೈಲುಗಳಂತೂ ಡಿಸಿಪಿಯೂ ಅಲ್ಲ, ಆಯಾ ಕಂಪನಿಯ ಸ್ವಂತ ಫಾರ್ಮ್ಯಾಟು. ಸಭೆಯಲ್ಲಿ ಸಿನಿಮಾ ತೆಗೆಯುವ ಹುಡುಗ ಹುಡುಗಿಯರು ಇದ್ದೀರಿ. ಕೊನೆಯ ಕಂತು ಹಣ ಕೊಡುವ ಮುಂಚೆ ಬೀಗವಿಲ್ಲದ ಡಿಸಿಪಿ ಕೇಳಿ ಪಡೆಯಿರಿ. ಅದರ ಜೊತೆಗೆ ಬಣ್ಣ ಸರಿಮಾಡಿದ ಮೇಲಿನ ಪೂರ್ತಿ ಗುಣಮಟ್ಟದ ಚಿತ್ರಮಾಲೆ, ಸಂಭಾಷಣೆ ಸಂಗೀತ ಬೇರೆ ಬೇರೆ ಇರುವ ಶಬ್ದದ ಡಬ್ಲ್ಯುಎವಿ ಫೈಲುಗಳು. ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಇನ್ನು ಚೀಟಿಯಲ್ಲಿ ಏನು ಬರೆಯಬೇಕು? ಆ ಡಿಸ್ಕಿನ ಸಿನಿಮಾವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಮಗಳ ಹತ್ತಿರ ಲ್ಯಾಮಿನೇಟ್ ಮಾಡಿಸಿದ ಸೆನ್ಸಾರ್ ಸರ್ಟಿಫಿಕೇಟ್ ಇತ್ತು. ನಮ್ಮ ದೇಶದ ಸಿನಿಮಾಗಳಿಗೆ ಇದಕ್ಕಿಂತ ಒಳ್ಳೆಯ ಮೆಟಾಡೇಟಾ ಇಲ್ಲ. ರೀಲು ಎಷ್ಟು, ಉದ್ದ ಎಷ್ಟು ಮೀಟರ್, ಎಂದು ಸರ್ಟಿಫಿಕೇಟ್ ಆಯಿತು, ಎರಡನೇ ಭಾಗದಲ್ಲಿ ಏನೇನು ಕತ್ತರಿಸಿದರು. ಅದರಲ್ಲಿ 3,703 ಮೀಟರ್ ಎಂದಿತ್ತು. ಫಿಲ್ಮು ನಿಮಿಷಕ್ಕೆ 27.43 ಮೀಟರ್ ಓಡುತ್ತದೆ, ಭಾಗಿಸಿದರೆ 135 ನಿಮಿಷ, ಅಂದರೆ 1,94,400 ಫ್ರೇಮು. ಡಿಸ್ಕಿನಲ್ಲಿದ್ದದ್ದು 1,92,936. ಕಡಿಮೆ ಬಿದ್ದದ್ದು 1,464 ಫ್ರೇಮು, ಅಂದರೆ ಒಂದು ನಿಮಿಷ ಒಂದು ಸೆಕೆಂಡು. ಏಳನೇ ರೀಲಿನ ಪ್ರಿಂಟು ಎರಡು ಕಡೆ ಹರಿದಿದೆ ಎಂದು ಚೀಟಿಯಲ್ಲಿ ಬರೆದದ್ದಕ್ಕೆ ಇದು ತಾಳೆಯಾಯಿತು. ಕಳೆದುಹೋದದ್ದು ಸಿಕ್ಕಲಿಲ್ಲ, ನಿಜ. ಆದರೆ ಏನು ಕಳೆದಿದೆ, ಎಲ್ಲಿ ಕಳೆದಿದೆ ಎಂದು ತಿಳಿಯಿತು.

ಮಗಳಿಗೆ ಇನ್ನೊಂದು ಅನುಮಾನ ಇತ್ತು. ಟಿವಿಯಲ್ಲಿ ಒಮ್ಮೆ ಬಂದಾಗ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟಿನಲ್ಲಿ ಸಿನಿಮಾ 129 ನಿಮಿಷಕ್ಕೇ ಮುಗಿಯುತ್ತಿತ್ತು. "ಟಿವಿಯವರು ಐದಾರು ನಿಮಿಷ ಕತ್ತರಿಸಿದ್ದಾರೆ" ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಯಾರೂ ಕತ್ತರಿಸಿರಲಿಲ್ಲ. ನಮ್ಮ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮಿನದು, ಸಿನಿಮಾ 24ರದು. ಟೇಪಿಗೆ ಏರಿಸುವಾಗ ಸಿನಿಮಾವನ್ನು ಶೇಕಡಾ ನಾಲ್ಕರಷ್ಟು ವೇಗವಾಗಿ ಓಡಿಸುತ್ತಾರೆ, 135 ನಿಮಿಷ 129 ನಿಮಿಷ 36 ಸೆಕೆಂಡಾಗುತ್ತದೆ. ಹಾಡುಗಳ ಶ್ರುತಿ, ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದರಿಂದ ಮುಂದಿನದಕ್ಕೆ ಇರುವ ಅಂತರದ ಮುಕ್ಕಾಲು ಭಾಗಕ್ಕೆ ಹತ್ತಿರ ಏರುತ್ತದೆ. ಎಷ್ಟೋ ಹಳೆಯ ಹಾಡುಗಳನ್ನು ನಾವು ಟಿವಿಯಿಂದ ಕಲಿತು ಆ ಏರಿದ ಶ್ರುತಿಯಲ್ಲೇ ನೆನಪಿಟ್ಟುಕೊಂಡಿದ್ದೇವೆ. ಹಾಗಾಗಿ ಚೀಟಿಯ ಮೇಲೆ ಬರೀ ಸಿನಿಮಾದ ಹೆಸರಿದ್ದರೆ ಸಾಲದು, ಇದು ಯಾವ ರೂಪ ಎಂದು ಇರಬೇಕು. ಅಂತರರಾಷ್ಟ್ರೀಯ ಸಂಗ್ರಹಾಲಯಗಳ ಒಕ್ಕೂಟ ಫಿಯಾಫ್‌ನ 2016ರ ಕೈಪಿಡಿ ಇದನ್ನು ನಾಲ್ಕು ಮೆಟ್ಟಿಲು ಮಾಡಿದೆ. ಮೇಲಿನದು ಕೃತಿ. ಅದರ ಕೆಳಗೆ ಪಾಠಾಂತರ, ಉದಾಹರಣೆಗೆ ಸೆನ್ಸಾರಿಗೆ ಕತ್ತರಿಸಿದ್ದು. ಅದರ ಕೆಳಗೆ ಅವತಾರ, ಮೂವತ್ತೈದು ಎಂಎಂ ಪ್ರಿಂಟೋ, ಟಿವಿ ಟೇಪೋ, ಡಿಸಿಪಿಯೋ. ಕೊನೆಗೆ ಕೈಯಲ್ಲಿರುವ ಪ್ರತಿ, ಇಂಥ ಕಪಾಟಿನ ಇಂಥ ಡಬ್ಬ. ಹಳಗನ್ನಡ ಕಾವ್ಯ ಸಂಪಾದನೆ ಬಲ್ಲವರಿಗೆ ಇದು ಹೊಸದೇನಲ್ಲ. ಪಂಪನ ಕಾವ್ಯ ಒಂದು, ಅದರ ಪಾಠಗಳು ಹಲವು, ಪ್ರತಿಗಳು ಇನ್ನೂ ಹಲವು.

ಭಾಷೆಯ ಮನೆ ಖಾಲಿ ಬಿಡಬೇಡಿ. ನಮ್ಮಲ್ಲಿ ತಯಾರಾದದ್ದೆಲ್ಲ ಕನ್ನಡವಲ್ಲ. ತುಳುವಿಗೆ ಐಎಸ್‌ಒ ಸಂಕೇತ "ಟಿಸಿವೈ", ಕೊಡವ ತಕ್ಕಿಗೆ "ಕೆಎಫ್‌ಎ". ಕನ್ನಡದ "ಕೆಎಎನ್" ಎಂದು ಎಲ್ಲಕ್ಕೂ ಒತ್ತಿಬಿಟ್ಟರೆ ನಾಳೆ ತುಳು ಸಿನಿಮಾ ಹುಡುಕುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಸಿನಿಮಾದ ಹೆಸರನ್ನು ಕನ್ನಡದಲ್ಲೇ, ಯೂನಿಕೋಡಿನಲ್ಲೇ ಬರೆಯಿರಿ. ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಆದರೆ ಫೈಲಿನ ಹೆಸರಿಗೆ ಮಾತ್ರ ಕನ್ನಡ ಹಾಕಬೇಡಿ. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ, ಕಾರಣ ಹೇಳುತ್ತೇನೆ. "ಕೊ" ಎಂಬ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕೆಲವು ಕಂಪ್ಯೂಟರುಗಳು ನಿಮ್ಮನ್ನು ಕೇಳದೆ ಒಂದನ್ನು ಇನ್ನೊಂದಾಗಿ ಬಿಡಿಸಿ ಇಡುತ್ತವೆ. ಆಮೇಲೆ ಪಟ್ಟಿಯಲ್ಲಿರುವ ಹೆಸರಿನ ಫೈಲು ಡಿಸ್ಕಿನಲ್ಲಿಲ್ಲ ಎಂದು ದೂರು ಬರುತ್ತದೆ. ಫೈಲಿಗೆ ಅಂಕಿಯ ಗುರುತು, ಚೀಟಿಯೊಳಗೆ ಅಂದವಾದ ಕನ್ನಡ ಎಂದು ಇಟ್ಟುಕೊಂಡರೆ ಜಗಳವಿಲ್ಲ.

ತಾಳೆ ನೋಡುವ ವಿಷಯಕ್ಕೆ ಬಂದೆವು. ಶಾಸನ ಓದುವವರು ಇಲ್ಲಿ ಇಬ್ಬರು ಮೂವರು ಕೂತಿದ್ದೀರಿ, ನಿಮಗೆ ಗೊತ್ತಿರುವುದೇ. ಶಾಸನದಲ್ಲಿ ಶಕವರ್ಷವೂ ಇರುತ್ತದೆ, ಸಂವತ್ಸರದ ಹೆಸರೂ ಇರುತ್ತದೆ, ತಿಥಿ ವಾರಗಳೂ ಇರುತ್ತವೆ. ಒಂದೇ ದಿನವನ್ನು ಮೂರು ನಾಲ್ಕು ಬಗೆಯಲ್ಲಿ ಹೇಳಿರುವುದರಿಂದ ಅಂಕಿ ಸವೆದಿದ್ದರೂ, ಕೆತ್ತಿದವನು ತಪ್ಪಿದ್ದರೂ ಒಂದನ್ನು ಇನ್ನೊಂದರಿಂದ ಹಿಡಿಯಬಹುದು. ಫೈಲಿಗೂ ಹೀಗೆ ಒಂದು ತಾಳೆ ಕಟ್ಟುತ್ತೇವೆ. ಎಂಡಿ5 ಅಥವಾ ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಇಡೀ ಫೈಲನ್ನು ಕೊಟ್ಟರೆ ಒಂದು ಸಾಲಿನ ಸಂಖ್ಯೆ ಬರುತ್ತದೆ. ಐವತ್ತು ಮೆಗಾಬೈಟಿನಲ್ಲಿ ಒಂದು ಬಿಟ್ಟು ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಸ್ಕ್ಯಾನ್ ಆದ ದಿನವೇ ಅದನ್ನು ಬರೆದಿಡಬೇಕು. ನಕಲು ಮಾಡಿದಾಗಲೆಲ್ಲ, ವರ್ಷಕ್ಕೊಮ್ಮೆಯಾದರೂ, ಮತ್ತೆ ತೆಗೆದು ತಾಳೆ ನೋಡಬೇಕು. ಫೈಲುಗಳನ್ನೂ ಅವುಗಳ ತಾಳೆಪಟ್ಟಿಯನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಸರಳ ಕ್ರಮಕ್ಕೆ ಬ್ಯಾಗ್‌ಇಟ್ ಎಂದು ಹೆಸರು. ಅದರ ಪಟ್ಟಿ ಬರೀ ಟೆಕ್ಸ್ಟ್, ಯಾವ ಕಂಪ್ಯೂಟರಿನಲ್ಲೂ ಓದಬಹುದು.

ಸಂಗ್ರಹದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿ ಇಟ್ಟು ಮರೆತರೆ ಅದು ಉಳಿಸಿದಂತಲ್ಲ. ದೊಡ್ಡ ಸಂಸ್ಥೆಗಳು ಕಂಪ್ಯೂಟರ್ ಫೈಲು ಇಡಲೆಂದೇ ಮಾಡಿದ ಎಲ್‌ಟಿಒ ಟೇಪು ಬಳಸುತ್ತವೆ. 2021ರ ಒಂಬತ್ತನೇ ತಲೆಮಾರಿನ ಟೇಪೊಂದಕ್ಕೆ 18 ಟೆರಾಬೈಟ್ ಹಿಡಿಯುತ್ತದೆ. ಟೇಪು ದಶಕಗಳು ಬಾಳುತ್ತದೆ, ಆದರೆ ಓದುವ ಯಂತ್ರ ಬಾಳುವುದಿಲ್ಲ. ಎಂಟನೇ ತಲೆಮಾರಿನ ಯಂತ್ರ ಏಳನೆಯದನ್ನು ಓದುತ್ತದೆ, ಆರನೆಯದನ್ನು ಓದುವುದಿಲ್ಲ. ಅಂದರೆ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಟೇಪಿಗೆ ಸಾಗಿಸುತ್ತಲೇ ಇರಬೇಕು. ಇದರ ಖರ್ಚಿನ ಬಗ್ಗೆ ಆಸ್ಕರ್ ಕೊಡುವ ಅಕಾಡೆಮಿ 2007ರಲ್ಲೇ ಲೆಕ್ಕ ಹಾಕಿತ್ತು. ಒಂದು ಸಿನಿಮಾದ ಫಿಲ್ಮ್ ಮಾಸ್ಟರನ್ನು ಕಾಪಾಡಲು ವರ್ಷಕ್ಕೆ 1,059 ಡಾಲರ್, 4ಕೆ ಡಿಜಿಟಲ್ ಮಾಸ್ಟರಿಗೆ 12,514 ಡಾಲರ್. ಆಮೇಲೆ ಬೆಲೆಗಳು ಇಳಿದಿವೆ. ಸಾಗಿಸುವ ಕೆಲಸ ನಿಂತಿಲ್ಲ. ಮೂರು ಪ್ರತಿ ಮಾಡಿ, ಎರಡು ಬಗೆಯ ಮಾಧ್ಯಮದಲ್ಲಿ ಇಡಿ, ಒಂದು ಬೇರೆ ಊರಿನಲ್ಲಿರಲಿ.

ಹೀಗೆ ಕೈಯಿಂದ ಕೈಗೆ ಸಾಗಿಸುವುದು ನಮಗೆ ಹೊಸ ವಿದ್ಯೆಯಲ್ಲ. ತಾಳೆಗರಿಯೂ ಹಾಗೇ ಉಳಿದದ್ದು, ತಲೆಮಾರಿಗೊಬ್ಬರು ಕೂತು ನಕಲು ಮಾಡಿ. ನಕಲು ಮಾಡಿದವರು ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿ ಬರೆದು, ಯಾರ ಪ್ರತಿ ನೋಡಿ ಬರೆದೆ, ಯಾರಿಗಾಗಿ ಬರೆದೆ ಎಂದು ಹೇಳಿ ತಮ್ಮ ಹೆಸರು ಹಾಕುತ್ತಿದ್ದರು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು ಎಂದು ಪುಸ್ತಕವೇ ಬೇಡಿಕೊಳ್ಳುವ ಶ್ಲೋಕವನ್ನೂ ಎಷ್ಟೋ ಪ್ರತಿಗಳಲ್ಲಿ ಕಾಣುತ್ತೀರಿ. ಪ್ರೆಮಿಸ್ ಎಂಬ ಈಗಿನ ಮಾನಕ ಕೇಳುವುದೂ ಅದನ್ನೇ. ಈ ಫೈಲಿಗೆ ಯಾವ ದಿನ ಏನು ಮಾಡಿದಿರಿ, ಯಾವ ಉಪಕರಣದಿಂದ, ಯಾರು?

ಮಾತು ಮುಗಿದ ಮೇಲೆ ಒಬ್ಬರು ಎದ್ದು, ಆ ಡಿಸ್ಕಿನ ಸಿನಿಮಾ ಏನಾಯಿತು ಎಂದು ಕೇಳಿದರು. ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಹದಿಮೂರು ರೀಲನ್ನೂ ಕ್ರಮಕ್ಕೆ ತಂದು ಎಂಕೆವಿಗೆ ಕಟ್ಟಿದೆವು. ಬಿಚ್ಚಿ ತಾಳೆ ನೋಡಿದೆವು, ಸರಿಬಂತು. ಮೂರು ಪ್ರತಿ ಮಾಡಿ ಒಂದನ್ನು ಮಗಳಿಗೆ ಕೊಟ್ಟೆ. ಹಳೆಯ ಚೀಟಿಯನ್ನು ಬಂದ ರೂಪದಲ್ಲೇ ಒಂದು, ಯೂನಿಕೋಡಿಗೆ ತಿರುಗಿಸಿ ಇನ್ನೊಂದು, ಎರಡನ್ನೂ ಗಂಟಿನೊಳಗೆ ಇಟ್ಟಿದ್ದೇನೆ. ಏನೇನು ಮಾಡಿದೆವು ಎಂಬುದನ್ನು ದಿನಾಂಕ ಸಮೇತ ಬರೆಯುತ್ತಾ ಹೋದೆ. ಸ್ಕ್ಯಾನ್ ಮಾಡಿ ಚೀಟಿ ಬರೆದವರ ಹೆಸರಿನ ಮನೆಗೆ ಬಂದಾಗ ಕೈ ನಿಂತಿತು. ಆ ಟಿಪ್ಪಣಿಯ ಕೆಳಗೆ ಸಹಿ ಇರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ತಂದೆಯ ಹಳೆಯ ಡೈರಿಗಳಲ್ಲಿ ಆ ದಿನಗಳ ಪುಟ ಹುಡುಕಿ ನೋಡುತ್ತೇನೆ ಸಾರ್ ಅಂದಿದ್ದಾರೆ. ಸದ್ಯಕ್ಕೆ ಆ ಮನೆಯಲ್ಲಿ "ಹೆಸರು ತಿಳಿಯಬೇಕಿದೆ" ಎಂದು ಬರೆದಿದ್ದೇನೆ.